ಕೆಂಪು ಕಾಗದದ ಹಂಗಾಮು

ಹತ್ತಿಯ ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಸೀಳಿದಾಗ ಒಂದು ಹಸಿ ವಾಸನೆ ಬರುತ್ತದೆ. ಅದು ಎಲೆಯ ವಾಸನೆಯಲ್ಲ, ಹೂವಿನದೂ ಅಲ್ಲ. ಸ್ವಲ್ಪ ಕಹಿ, ಸ್ವಲ್ಪ ಎಣ್ಣೆಯ ಜಿಡ್ಡು. ಎರಡು ಸಲ ಸೋಪು ಹಚ್ಚಿ ತೊಳೆದರೂ ಕೈಬಿಡುವುದಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಹಿರೇಕೆರೂರಿನಿಂದ ಮಾಸೂರಿಗೆ ಹೊರಟ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹೆಣ್ಣುಮಗಳ ಕೈಯಿಂದ ಆ ವಾಸನೆ ಬಂತು. ಹೆಬ್ಬೆರಳ ಉಗುರನ್ನು ಉದ್ದ ಬಿಟ್ಟಿದ್ದಳು, ಅದರ ಅಂಚು ಕಂದಾಗಿತ್ತು.

“ಕ್ರಾಸಿಂಗಿಗೆ ಹೊಂಟೀಯೇನವಾ?” ಎಂದೆ.

“ಹೌದ್ರಿ, ಶಾಂತಕ್ಕನ ಪ್ಲಾಟಿಗೆ.”

ನಾನೂ ಶಾಂತಳ ಹತ್ತಿರವೇ ಹೊರಟಿದ್ದೆ. ಅವಳ ತಾಯಿಯ ಸಾವಿನ ಬಗ್ಗೆ ನಾನು ಅವಳಿಗೆ ಹೇಳಬೇಕಾದ ಒಂದು ಮಾತು ಮೂವತ್ತು ವರ್ಷಕ್ಕೂ ಮೀರಿ ನನ್ನಲ್ಲೇ ಉಳಿದಿತ್ತು. ನಿವೃತ್ತಿಯಾದ ಮೇಲೆ ಕೆಲಸದ ನೆಪ ಹೇಳಿ ತಪ್ಪಿಸಿಕೊಳ್ಳಲೂ ಬರುವಂತಿರಲಿಲ್ಲ. ಬಸ್ಸು ಏರಿಳಿಯುತ್ತ ಸಾಗಿದಂತೆ ಆ ವಾಸನೆ ನನ್ನನ್ನು ಒಂದೇ ಒಂದು ಮಳೆಗಾಲಕ್ಕೆ ಎಳೆದುಕೊಂಡು ಹೋಯಿತು.

ಅದು ಎಂಬತ್ತರ ದಶಕದ ಕೊನೆಯ ವರ್ಷ. ನನಗೆ ಇಪ್ಪತ್ತೈದು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಹಿರೇಕೆರೂರಿನ ಒಂದು ಕಾಲೇಜಿಗೆ ಜೀವಶಾಸ್ತ್ರ ಕಲಿಸಲು ಬಂದಿದ್ದೆ. ಊರು ಸವಣೂರು. ಒಬ್ಬಳೇ ಇರುವ ಹೆಣ್ಣುಮಗಳಿಗೆ ಖೋಲಿ ಕೊಡಲು ಹಿರೇಕೆರೂರಿನಲ್ಲಿ ಯಾರೂ ಒಪ್ಪಲಿಲ್ಲ. ಕೊನೆಗೆ ಕಾಲೇಜಿನ ಸಿಪಾಯಿ ಮಾಸೂರಿನ ತನ್ನ ಸಂಬಂಧಿ ಗಂಗವ್ವನ ಮನೆ ತೋರಿಸಿದ. ಗಂಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಲ್ಲಿ ಕಂಡ್ರ ಚೀರ್ತೀರೇನ್ರಿ ಅಕ್ಕೋರ?” ಎಂದು ಕೇಳಿದಳು. ಇಲ್ಲ ಎಂದೆ. “ಹಂಗಾರ ಇರ್ರಿ” ಎಂದಳು. ಸಂದರ್ಶನ ಅಷ್ಟೇ.

ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿ ಅವಳು ಮತ್ತು ಹತ್ತೊಂಬತ್ತರ ಮಗಳು ಶಾಂತ, ಇಬ್ಬರೇ. ನಾನು ಅವಳನ್ನು ಗಂಗಕ್ಕ ಎನ್ನುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ಊರಿಗೆ ಹೋದಾಗ ಅವಳಿಗಾಗಿ ಸವಣೂರಿನ ವೀಳ್ಯದೆಲೆಯ ಒಂದು ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದೆ. ಎಲೆಯ ತೊಟ್ಟು ಮುರಿಯುತ್ತ, “ನಿಮ್ಮ ಊರಾಗ ಇದೊಂದ ಛಲೋ ಐತಿ ನೋಡ್ರಿ, ಮತ್ತ ನೀವು” ಎನ್ನುತ್ತಿದ್ದಳು.

ಗಂಗಕ್ಕ ಹತ್ತಿ ಕ್ರಾಸಿಂಗಿನ ಗುಂಪು ಕಟ್ಟಿಕೊಂಡು ಹತ್ತು ವರ್ಷ ಬೇರೆಯವರ ಬೀಜದ ಪ್ಲಾಟುಗಳಲ್ಲಿ ದುಡಿದವಳು. ಎಪ್ಪತ್ತರ ದಶಕದಲ್ಲಿ ಉಳುವವರ ಹೆಸರಿಗೆ ಹೊಲ ಆದಾಗ ಮದಗದ ಕೆರೆಯ ಕಾಲುವೆಯ ಕೆಳಗೆ ಅವಳ ಮನೆತನಕ್ಕೂ ಒಂದೂವರೆ ಎಕರೆ ಸಿಕ್ಕಿತ್ತು. ಆದರೆ ಬೀಜದ ಪ್ಲಾಟನ್ನು, ಎಂದರೆ ಕಂಪನಿಗೆ ಸಂಕರ ಬೀಜ ಬೆಳೆದು ಕೊಡುವ ಕರಾರನ್ನು, ಅಂಥ ಸಣ್ಣ ಹೊಲದವರ ಕೈಗೆ ಯಾರು ಕೊಡುತ್ತಾರೆ? ಆ ವರ್ಷ ಮೊದಲ ಸಲ ಕೊಟ್ಟಿದ್ದರು. ಹತ್ತು ವರ್ಷ ಇನ್ನೊಬ್ಬರ ಹೊಲದಲ್ಲಿ ಮಾಡಿದ ಕೆಲಸವನ್ನು ಅವಳು ತನ್ನ ಹೊಲದಲ್ಲಿ ಮಾಡಲಿದ್ದಳು. ಹದಿನಾಲ್ಕು ಜನ ಹೆಂಗಸರು ಅವಳ ಮಾತು ನಂಬಿ ಬೇರೆ ಕೆಲಸ ಬಿಟ್ಟು ಬಂದಿದ್ದರು.

ಆ ಕೆಲಸ ಹೀಗೆ. ಹತ್ತಿಯ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಇರುತ್ತವೆ. ಬಿಟ್ಟರೆ ತನ್ನ ಪರಾಗವನ್ನೇ ತಾನು ಹಿಡಿದುಕೊಳ್ಳುತ್ತದೆ. ಎರಡು ಜಾತಿ ಕೂಡಿಸಬೇಕಾದರೆ, ನಾಳೆ ಅರಳಲಿರುವ ಮೊಗ್ಗನ್ನು ಇಂದು ಮಧ್ಯಾಹ್ನ ಮೂರರ ಮೇಲೆ ಉಗುರಿನಿಂದ ಸೀಳಿ, ಗಂಡಿನ ಭಾಗವನ್ನೆಲ್ಲ ಸುಲಿದು ತೆಗೆಯಬೇಕು. ನಡುವಿನ ದಂಟಿಗೆ ಗಾಯವಾಗಬಾರದು. ಆಮೇಲೆ ಅದರ ಮೇಲೆ ತೆಳು ಕೆಂಪು ಕಾಗದದ ಟೊಪ್ಪಿಗೆ. ಮೊಗ್ಗು ತಯಾರಾಗಿದೆ, ಆದರೆ ತಡೆ ಹಾಕಿದೆ ಎಂದು ಅರ್ಥ. ಮರುದಿನ ಬೆಳಗ್ಗೆ ಇನ್ನೊಂದು ಜಾತಿ ಬೆಳೆದ ಗಂಡು ಸಾಲಿನ ಹೂವು ಹಿಡಿದುಕೊಂಡು ಬಂದವರು ಹಸಿರು ಹೊಲದಲ್ಲಿ ಆ ಕೆಂಪನ್ನು ಹುಡುಕುತ್ತ ಹೋಗಿ, ಕಾಗದ ತೆಗೆದು, ಪರಾಗ ಸವರಿ, ತೊಟ್ಟಿಗೆ ದಾರ ಕಟ್ಟುತ್ತಾರೆ. ಸುಮಾರು ಎರಡು ತಿಂಗಳು, ಒಂದು ದಿನವೂ ತಪ್ಪದೆ. ಒಂದು ಮಧ್ಯಾಹ್ನ ಕೈಬಿಟ್ಟರೆ ಮೊಗ್ಗುಗಳು ತಮ್ಮಷ್ಟಕ್ಕೆ ಅರಳಿ ಬೀಜ ಕೆಡುತ್ತದೆ, ತಪಾಸಣೆಗೆ ಬಂದವರು ಪ್ಲಾಟನ್ನೇ ತಿರಸ್ಕರಿಸುತ್ತಾರೆ.

ಜಿಟಿಜಿಟಿ ಮಳೆ ಹಿಡಿದಿದ್ದ ಆಗಸ್ಟಿನಲ್ಲಿ ನನಗೊಂದು ದಪ್ಪ ಲಕೋಟೆ ಬಂತು. ಹೈದರಾಬಾದಿನಲ್ಲಿ ಸಂಶೋಧನೆಗೆ ಸೇರಿದ್ದ ನನ್ನ ಗೆಳತಿ ಆ ವರ್ಷವಷ್ಟೇ ಅಚ್ಚಾದ ಕೆಲವು ಪ್ರಬಂಧಗಳ ಝೆರಾಕ್ಸ್ ಕಳಿಸಿದ್ದಳು. ನನಗೂ ಸಂಶೋಧನೆಗೆ ಹೋಗುವ ಆಸೆ ಇತ್ತು. ಚಳಿಗಾಲದಲ್ಲಿ ಸಂದರ್ಶನ. “ಇದನ್ನು ಅರ್ಥ ಮಾಡಿಕೊಂಡು ಹೋಗು, ಇದನ್ನೇ ಕೇಳುತ್ತಾರೆ” ಎಂದು ಬರೆದಿದ್ದಳು.

ಜೀವಕೋಶ ಯಾವಾಗ ಒಡೆದು ಎರಡಾಗಬೇಕು ಎಂದು ತೀರ್ಮಾನಿಸುವ ಕಿಣ್ವದ ಕಥೆ ಅದು. ಕಪ್ಪೆಯ ಮೊಟ್ಟೆಯಲ್ಲೂ ಯೀಸ್ಟಿನಲ್ಲೂ ಮನುಷ್ಯರಲ್ಲೂ ಅದೇ ಕಿಣ್ವ ಇದೆಯೆಂದು ಆಗಷ್ಟೇ ಗೊತ್ತಾಗಿತ್ತು. ಅದರ ಕೆಲಸ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟಿನ ಚೂರು ಅಂಟಿಸುವುದು. ಆದರೆ ಆ ಕಿಣ್ವ ಒಂಟಿಯಾಗಿ ಏನೂ ಮಾಡಲಾರದು. ಸೈಕ್ಲಿನ್ ಎಂಬ ಇನ್ನೊಂದು ಪ್ರೋಟೀನು ಪ್ರತಿ ಸುತ್ತಿನಲ್ಲೂ ಹೊಸದಾಗಿ ಕೂಡುತ್ತ ಬಂದು ಅದಕ್ಕೆ ಜೋಡಿಯಾಗಬೇಕು. ಅಲ್ಲಿಯವರೆಗೆ ನನಗೆ ತಿಳಿಯಿತು. ಮುಂದೆ ಸಿಕ್ಕಿಬಿದ್ದೆ. ಜೋಡಿಯಾದ ಮೇಲೂ ಕಿಣ್ವ ಸುಮ್ಮನೆ ಕುಳಿತಿರುತ್ತದೆ, ಯಾಕೆಂದರೆ ಅದರ ಮೈಮೇಲೇ ಬೇರೊಂದು ಕಿಣ್ವ ಫಾಸ್ಫೇಟ್ ಅಂಟಿಸಿರುತ್ತದೆ ಎಂದಿತ್ತು. ನಾನು ಧಾರವಾಡದಲ್ಲಿ ಓದಿದ ಮೊದಲ ಉದಾಹರಣೆಯಲ್ಲಿ ಫಾಸ್ಫೇಟ್ ಅಂಟಿದರೆ ಕಿಣ್ವ ಎಚ್ಚರಾಗುತ್ತಿತ್ತು. ಅದನ್ನೇ ಎಲ್ಲ ಕಡೆ ಹಚ್ಚಿಕೊಂಡು ಕುಳಿತಿದ್ದೆ. ಇಲ್ಲಿ ಅದೇ ಚೂರು ಕಿಣ್ವವನ್ನು ತಡೆದು ನಿಲ್ಲಿಸಿತ್ತು. ಮೂರು ವಾರ ಅದೇ ಎರಡು ಪುಟಗಳನ್ನು ತಿರುವಿದೆ. ತಲೆ ಕೆಟ್ಟುಹೋಯಿತು.

ಗಣಪತಿ ಹಬ್ಬ ಮುಗಿದ ಒಂದು ಭಾನುವಾರ, ಕ್ರಾಸಿಂಗ್ ಶುರುವಾಗಿ ಕೆಲವು ದಿನವಾಗಿತ್ತು, ಹೊಲದ ಬದುವಿನ ಮೇಲೆ ಕುಳಿತಿದ್ದೆ. ಮಳೆ ಹೊಳವಾಗಿತ್ತು. ಎದುರಿಗೆ ಸಾವಿರಾರು ಕೆಂಪು ಟೊಪ್ಪಿಗೆ. ಗಂಗಕ್ಕ ಒಂದು ಕಾಗದವನ್ನು ಮೊಗ್ಗಿಗೆ ತೊಡಿಸುವುದನ್ನು ನೋಡುತ್ತಿದ್ದಾಗ ಪಕ್ಕನೆ ಹೊಳೆಯಿತು. ಅಂಟಿಸಿದ್ದು ಏನು ಎನ್ನುವುದಕ್ಕಿಂತ, ಎಲ್ಲಿ ಅಂಟಿಸಿದ್ದು ಎನ್ನುವುದು ಮುಖ್ಯ. ಒಂದು ಜಾಗದ ಫಾಸ್ಫೇಟ್ ಕಿಣ್ವವನ್ನು ಕೆಲಸಕ್ಕೆ ತಯಾರು ಮಾಡುತ್ತದೆ, ಇನ್ನೊಂದು ಜಾಗದ್ದು ತಡೆ ಹಿಡಿಯುತ್ತದೆ. ಹೀಗೆ ತಯಾರಾದ, ತಡೆಹಿಡಿದ ಕಿಣ್ವ ಜೀವಕೋಶದಲ್ಲಿ ಕೂಡುತ್ತ ಹೋಗುತ್ತದೆ. ಹೊತ್ತು ಬಂದಾಗ ಇನ್ನೊಂದು ಕಿಣ್ವ ಬಂದು ತಡೆಯ ಚೂರನ್ನು ಕಿತ್ತು ಹಾಕುತ್ತದೆ, ಎಲ್ಲವೂ ಒಮ್ಮೆಲೇ ಎದ್ದು ನಿಲ್ಲುತ್ತವೆ. ಖುಷಿಗೆ ಎದ್ದು ಕುಣಿಯುವುದೊಂದು ಬಾಕಿ ಇತ್ತು.

ಯಾರಿಗಾದರೂ ಹೇಳಲೇಬೇಕಿತ್ತು. ಗಂಗಕ್ಕ ನೀರು ಕುಡಿಯಲು ಬದುವಿಗೆ ಬಂದಳು. ಕೈ ಹಿಡಿದು ಕೂಡಿಸಿಕೊಂಡೆ.

“ಗಂಗಕ್ಕಾ, ನಮ್ಮ ಮೈಯಾಗೂ ಹಿಂಗ ಕ್ರಾಸಿಂಗ್ ನಡದೈತಿ ನೋಡು” ಎಂದು ಶುರು ಮಾಡಿದೆ. ಮೈಯೆಲ್ಲ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕೋಶಗಳಿಂದ ಆಗಿದೆ, ಒಂದು ಒಡೆದು ಎರಡಾಗುತ್ತ ನಾವು ಬೆಳೆಯುತ್ತೇವೆ, ಆದರೆ ಒಡೆಯುವ ಯಂತ್ರಕ್ಕೆ ನಿನ್ನ ಕೆಂಪು ಕಾಗದದಂಥ ಒಂದು ತಡೆ ಇರುತ್ತದೆ, ಅದನ್ನು ತೆಗೆಯುವವರು ಬಂದು ತೆಗೆದರೆ ಮಾತ್ರ ಒಡೆಯುತ್ತದೆ ಎಂದೆಲ್ಲ ಹೇಳಿದೆ. ಅವಳು ಬಹಳ ಗಮನವಿಟ್ಟು ಕೇಳಿದಳು. ನನ್ನ ತರಗತಿಯಲ್ಲಿ ಯಾರೂ ಹಾಗೆ ಕೇಳುತ್ತಿರಲಿಲ್ಲ.

“ಹಂಗಾರ ಮೈಯಾಗಿಂದು ಯಾವುದೂ ತನ್ನಷ್ಟಕ್ಕ ತಾನ ಬೆಳಿಯಂಗಿಲ್ಲನ್ರಿ?”

“ಬೆಳಿಯಂಗಿಲ್ಲ.”

“ಕಾಗದ ತಗಿಯೂತನಕ ಕಾಯ್ತೈತಿ?”

“ಹುಕುಂ ಆಗೂತನಕ ಕಾಯ್ತೈತಿ ಗಂಗಕ್ಕಾ.”

“ಎಲ್ಲಾರ ಮೈಯಾಗೂ ಹಂಗನ?”

“ಎಲ್ಲಾರ ಮೈಯಾಗೂ.”

ಅವಳು ತಂಬಿಗೆ ಕೆಳಗಿಟ್ಟು ಹೊಲದ ಉದ್ದಕ್ಕೂ ಕಣ್ಣು ಹಾಯಿಸಿದಳು. ಆಮೇಲೆ ಸೆರಗು ಕೊಡವಿಕೊಂಡು ಎದ್ದು ಹೋದಳು. ಈ ಪ್ರಶ್ನೆಗಳನ್ನು ಅವಳು ಯಾಕೆ ಕೇಳಿದಳೆಂದು ನಾನು ವಿಚಾರಿಸಲಿಲ್ಲ. ನನಗೊಬ್ಬ ಒಳ್ಳೆಯ ವಿದ್ಯಾರ್ಥಿನಿ ಸಿಕ್ಕಿದ್ದಳಲ್ಲ, ಅದರ ಸಂತೋಷದಲ್ಲಿದ್ದೆ.

ಆಮೇಲಿನ ದಿನಗಳಲ್ಲಿ ಕಣ್ಣಿಗೆ ಬಿದ್ದರೂ ತಲೆಗೆ ಹೋಗದ ಸಂಗತಿಗಳಿದ್ದವು. ಎಡಗಡೆ ಹೊರುತ್ತಿದ್ದ ಕೊಡವನ್ನು ಗಂಗಕ್ಕ ಬಲಗಡೆಗೆ ಬದಲಾಯಿಸಿದ್ದಳು. ಕಾಗದದ ಚೀಲವನ್ನು ಎಡ ಹೆಗಲಿಗೆ ಹಾಕಿಕೊಳ್ಳುತ್ತಿರಲಿಲ್ಲ, ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಒಮ್ಮೆ ಶಾಂತ, “ಅವ್ವಾ, ತೋಳು ನೋಯ್ತೈತೇನ?” ಎಂದು ಕೇಳಿದ್ದಕ್ಕೆ, “ದುಡಿಯೂ ಕೈ ನೋಯಲಾರದ ಏನ್ ಮಾಡ್ತೈತಿ, ನೀ ಸಾಲು ಬಿಡಬ್ಯಾಡ ನಡಿ” ಎಂದು ಗದರಿದ್ದಳು. ತಪಾಸಣೆಯವರು ಎರಡು ಸಲ ಬಂದು ಸಾಲು ಸಾಲು ಅಡ್ಡಾಡಿ ಹೋದರು. ಎರಡನೆಯ ಸಲ ಬಂದವರು, “ಇಂಥಾ ಶುದ್ಧ ಪ್ಲಾಟ್ ಈ ಭಾಗದಾಗ ನೋಡಿಲ್ಲಬೇ” ಎಂದಾಗ ಅವಳು ನಗಲೂ ಇಲ್ಲ. ಮನೆಗೆ ಬಂದು ಅವರಿಗೆ ಚಹಾ ಇಟ್ಟಳು.

ದೀಪಾವಳಿ ಹತ್ತಿರ ಬಂದಾಗ ಕ್ರಾಸಿಂಗ್ ಮುಗಿಯಿತು. ಕೊನೆಯ ದಿನ, ದಾರ ಕಟ್ಟಿರದ ಹೂವು ಮೊಗ್ಗುಗಳನ್ನೆಲ್ಲ ಕಿತ್ತು ಹಾಕುವುದು ಪದ್ಧತಿ. ಹದಿನಾಲ್ಕು ಹೆಂಗಸರೂ ನಗುತ್ತ, ಒಬ್ಬರ ಮೇಲೊಬ್ಬರು ಹೂವು ಎಸೆಯುತ್ತ ಕಿತ್ತರು. ಎಲ್ಲರೂ ಮನೆಗೆ ಹೋದ ಮೇಲೆ ಗಂಗಕ್ಕ ನನ್ನ ಖೋಲಿಯ ಬಾಗಿಲಿಗೆ ಬಂದು ನಿಂತಳು.

“ನಾಳಿ ಸೂಟಿ ಹಾಕ್ತೀರೇನ್ರಿ ಅಕ್ಕೋರ? ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಹೋಗಬೇಕ್ರಿ. ಶಾಂತಗ ಹೇಳಬ್ಯಾಡ್ರಿ.”

ಹಾವೇರಿಗೆ ಒಂದು ಬಸ್ಸು, ಅಲ್ಲಿಂದ ಹುಬ್ಬಳ್ಳಿಗೆ ಇನ್ನೊಂದು. ಬಂಕಾಪುರ ದಾಟುವ ತನಕ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಶಿಗ್ಗಾವಿ ಬರುವಷ್ಟರಲ್ಲಿ ಎಲ್ಲ ಹೇಳಿದಳು. ಎಡ ಎದೆಯಲ್ಲಿ ಒಂದು ಗಂಟು. ಗಣಪತಿ ಹಬ್ಬಕ್ಕೆ ಮೊದಲೇ ಕೈಗೆ ಸಿಕ್ಕಿತ್ತಂತೆ. ಆಗ ಹುಣಸೆಬೀಜದಷ್ಟು ಇತ್ತು, ಈಗ ಲಿಂಬೆಕಾಯಿಯಷ್ಟಾಗಿದೆ, ಕಂಕುಳಲ್ಲೂ ಒಂದು ಬಂದಿದೆ ಎಂದಳು.

“ಆಗ ಯಾಕ ಹೇಳಲಿಲ್ಲ ಗಂಗಕ್ಕಾ?” ನನ್ನ ದನಿ ಏರಿತ್ತು. ಮುಂದಿನ ಸೀಟಿನವರು ತಿರುಗಿ ನೋಡಿದರು.

“ಹೇಳೂದ ಇತ್ರಿ. ಅವತ್ತ ಬದುವಿನ ಮ್ಯಾಲ ಹೇಳಬೇಕಂತನ ಬಂದಿದ್ದೆ. ನೀವು ಕಾಯ್ತೈತಿ ಅಂದ್ರಿ. ಹಂಗಾರ ಕ್ರಾಸಿಂಗ್ ಮುಗಿಸೇ ಹೋದ್ರಾತು ಅನಕೊಂಡೆ.”

ಶಿಗ್ಗಾವಿಯಲ್ಲಿ ಬಸ್ಸು ನಿಂತಿತು. ಜನ ಇಳಿದರು, ಹತ್ತಿದರು. ಎಲ್ಲರ ಮೈಯಲ್ಲೂ ಎಂದು ಹೇಳಿದ್ದೆನಲ್ಲ. ಆ ತಡೆ ಕಾಯುವ ಏರ್ಪಾಡೇ ಕೆಟ್ಟುಹೋದ ಕೋಶಗಳು ಇರುತ್ತವೆ, ಅವು ಯಾರ ಹುಕುಮಿಗೂ ಕಾಯದೆ ಒಡೆಯುತ್ತ ಹೋಗುತ್ತವೆ, ಅದಕ್ಕೇ ನಾವು ಕ್ಯಾನ್ಸರ್ ಎನ್ನುತ್ತೇವೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ತಪ್ಪು ಹೇಳಿದ್ದರೆ ಮಾತು ಬೇರೆ. ನಾನು ಗೊತ್ತಿದ್ದೂ ಹೇಳಿರಲಿಲ್ಲ, ಯಾಕೆಂದರೆ ಹೋಲಿಕೆ ಅಷ್ಟು ಚೆಂದ ಕೂತಿತ್ತು, ಅದನ್ನು ಕೆಡಿಸಲು ಮನಸ್ಸು ಬಂದಿರಲಿಲ್ಲ.

ಆಸ್ಪತ್ರೆಯಲ್ಲಿ ಪರದೆಯ ಹಿಂದೆ ನರ್ಸ್ ಅವಳ ಕುಪ್ಪಸದ ಗುಂಡಿ ಬಿಚ್ಚಿದವಳೇ, “ಅಯ್ಯ, ರಕ್ತ!” ಎಂದಳು. ನಾನು ಒಳಗೆ ಓಡಿದೆ. ರಕ್ತವಲ್ಲ. ನಾಲ್ಕು ಮಡಿಕೆ ಮಾಡಿದ ಕೆಂಪು ಕಾಗದ. ಬೆವರಿಗೆ ನೆಂದು ಬಣ್ಣ ಬಿಟ್ಟು, ಗಂಟಿನ ಮೇಲಿನ ಚರ್ಮವೆಲ್ಲ ಕೆಂಪಾಗಿತ್ತು. ನರ್ಸ್ ಅದನ್ನು ಚಿಮಟಿಗೆಯಿಂದ ತೆಗೆದು ಡಬ್ಬಿಗೆ ಹಾಕಿದಳು. ಸ್ಪಿರಿಟ್ ಹಚ್ಚಿ ಒರೆಸಿದರೂ ಬಣ್ಣ ಪೂರ್ತಿ ಹೋಗಲಿಲ್ಲ.

ವೈದ್ಯರು ಮುಟ್ಟಿ ನೋಡಿ, ಎಂದಿನಿಂದ ಇದೆ ಎಂದು ಕೇಳಿದರು. ಎರಡು ತಿಂಗಳು ಎಂದಳು. ನಾನು ಅವರನ್ನು ಹೊರಗೆ ಕಾರಿಡಾರಿನಲ್ಲಿ ಹಿಡಿದು, ಆಗಲೇ ಬಂದಿದ್ದರೆ ಎಂದು ಕೇಳಿದೆ. “ಹೇಳಾಕ ಬರಂಗಿಲ್ಲಮ್ಮ. ಕಂಕುಳಿಗೆ ಇಳಿಯೂಕಿಂತ ಮೊದಲ ಬಂದಿದ್ರ ಛಲೋ ಇತ್ತು” ಎಂದರು. ಆ ಉತ್ತರದ ಮೊದಲ ಅರ್ಧವನ್ನು ನಾನು ಬಹಳ ವರ್ಷ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಆಪರೇಷನ್ ಆದ ಮೂರನೆಯ ದಿನ ಅವಳ ಮಂಚದ ಪಕ್ಕ ಕುಳಿತಿದ್ದೆ. ಸವಣೂರಿನ ಎಲೆ ತಂದಿದ್ದೆ. ಅವಳು ಮೂಸಿ ನೋಡಿ ದಿಂಬಿನ ಕೆಳಗೆ ಇಟ್ಟುಕೊಂಡಳು, ಬಾಯಿಗೆ ಹಾಕಲಿಲ್ಲ.

“ಆ ಕಾಗದ ಖರೇನ ತಡೀತೈತಿ ಅಂತ ನಂಬಿದ್ದೇನ ಗಂಗಕ್ಕಾ?”

“ಇಲ್ರಿ. ಅಷ್ಟು ಖೋಡಿ ಇಲ್ರಿ ನಾನು” ಎಂದು ನಕ್ಕಳು. ನಗುವಾಗ ಹೊಲಿಗೆ ಎಳೆಯಿತೇನೋ, ಕಣ್ಣು ಮುಚ್ಚಿಕೊಂಡಳು. “ಪ್ಲಾಟ್ ನಡುವ ಬಿಟ್ಟು ಬರಾಕ ಮನಸ್ಸಿರಲಿಲ್ಲ. ರಾತ್ರಿ ಅಂಜಿಕಿ ಬರ್ತಿತ್ತು. ಅಕ್ಕೋರ ಹೇಳ್ಯಾರ, ಕಾಯ್ತೈತಿ, ಅಂತ ನನಗ ನಾನ ಹೇಳ್ಕೊಳ್ಳಾಕ ಏನರ ಒಂದು ಬೇಕಿತ್ತು.”

ನಾನು ತಪ್ಪಾಯಿತು ಎಂದೆ. ಅತ್ತುಬಿಟ್ಟೆ. ಅವಳು ಬಲಗೈಯಿಂದ ನನ್ನ ಕೈ ತಟ್ಟಿ, ಬೀಜ ಬಿಡಿಸುವಾಗ ಶಾಂತಳ ಜೊತೆ ನಿಲ್ಲಬೇಕೆಂದು ಹೇಳಿದಳು. ಆ ವಿಷಯ ಮತ್ತೆ ಎತ್ತಲಿಲ್ಲ.

ಆ ಚಳಿಗಾಲದ ಸಂದರ್ಶನಕ್ಕೆ ಹೋದೆ. ಜೀವಕೋಶದ ವಿಭಜನೆಯನ್ನು ಫಾಸ್ಫೇಟ್ ಹೇಗೆ ನಿಯಂತ್ರಿಸುತ್ತದೆ ಎಂದೇ ಕೇಳಿದರು. ಗೆಳತಿ ಹೇಳಿದ್ದು ಸುಳ್ಳಾಗಲಿಲ್ಲ. ಎಲ್ಲವೂ ಗೊತ್ತಿತ್ತು. ಬಾಯಿ ತೆರೆದರೆ ಕೆಂಪಾದ ಚರ್ಮ ಕಣ್ಣ ಮುಂದೆ ಬಂದು, ಎರಡು ವಾಕ್ಯ ಹೇಳಿ ಸುಮ್ಮನಾದೆ. ಅವರು ನನ್ನನ್ನು ಆರಿಸಿಕೊಳ್ಳಲಿಲ್ಲ, ನನಗೂ ಬೇಸರವಾಗಲಿಲ್ಲ.

ಗಂಗಕ್ಕ ಇನ್ನೆರಡು ಹಂಗಾಮು ಬದುವಿನ ಮೇಲೆ ಕುಳಿತು ಗುಂಪು ನಡೆಸಿದಳು. ಮೂರನೆಯ ಬಿತ್ತನೆಗೆ ಮೊದಲು ತೀರಿಕೊಂಡಳು. ಅಷ್ಟು ಹೊತ್ತಿಗೆ ನನಗೆ ಹಾನಗಲ್ಲಿಗೆ ವರ್ಗವಾಗಿತ್ತು. ಸುದ್ದಿ ತಡವಾಗಿ ಬಂದು, ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಶಾಂತ ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. ಅಂದೇ ಹೇಳಬೇಕಿತ್ತು, ಹೇಳಲಿಲ್ಲ. ಹಾನಗಲ್ಲಿನಲ್ಲೂ, ಆಮೇಲೆ ಹೋದ ಊರುಗಳಲ್ಲೂ ಈ ಪಾಠ ಬಂದಾಗೆಲ್ಲ ನಾನು ಕೊನೆಯಿಂದ ಶುರು ಮಾಡುತ್ತಿದ್ದೆ. ಕಾಯದೆ ಒಡೆಯುವ ಕೋಶಗಳ ಮಾತು ಮೊದಲು, ಕಾಯುವ ಕೋಶಗಳದ್ದು ಆಮೇಲೆ. ಪ್ರಾಂಶುಪಾಲರೊಬ್ಬರು ಇದು ಪುಸ್ತಕದ ಕ್ರಮವಲ್ಲ ಎಂದು ಟಿಪ್ಪಣಿ ಕೂಡ ಬರೆದಿದ್ದರು.

ಮಾಸೂರಿನಲ್ಲಿ ಇಳಿದಾಗ ಎರಡೂವರೆ. ಶಾಂತ ಹೊಲದಲ್ಲೇ ಇದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಸೊಂಟಕ್ಕೆ ಕಾಗದದ ಚೀಲ ಕಟ್ಟಿದ್ದಳು. “ಬರ್ರಿ ಅಕ್ಕೋರ, ಕುಂದರ್ರಿ” ಎಂದು ಅದೇ ಬದುವಿನ ಮೇಲೆ ಗೋಣಿಚೀಲ ಹಾಸಿದಳು. ಕೂತ ಕೂಡಲೇ ಹೇಳಲು ಶುರು ಮಾಡಿದೆ, ತಡ ಮಾಡಿದರೆ ಮತ್ತೆ ಹೇಳಲಾರೆ ಎಂಬ ಭಯ ಇತ್ತು. ಕೆಂಪು ಕಾಗದ, ಹುಕುಂ, ಶಿಗ್ಗಾವಿ, ನರ್ಸ್, ಎಲ್ಲ. ಅವಳು ಕಾಗದಗಳನ್ನು ಹತ್ತು ಹತ್ತು ಎಣಿಸಿ ಮಡಿಸುತ್ತ ಕೇಳಿದಳು. ಕೈ ಒಮ್ಮೆಯೂ ನಿಲ್ಲಲಿಲ್ಲ.

“ಗೊತ್ತೈತ್ರಿ ಅಕ್ಕೋರ. ಅವ್ವ ಹೋಗೂಕಿಂತ ಮೊದಲ ಹೇಳಿದ್ಲು. ‘ಅಕ್ಕೋರ ಸುಳ್ಳು ಹೇಳಿಲ್ಲ, ಅರ್ಧ ಹೇಳ್ಯಾರ. ಉಳಿದರ್ಧ ನಾನೂ ಕೇಳಲಿಲ್ಲ’ ಅಂದ್ಲು.”

“ಮತ್ತ ಇಷ್ಟು ವರ್ಷ ನೀ ಯಾಕ ಒಂದ ಮಾತು ಕೇಳಲಿಲ್ಲ ಶಾಂತಾ?”

“ಮೊದಮೊದಲು ಸಿಟ್ಟು ಬಂದಿತ್ರಿ. ಖರೇ ಹೇಳ್ತೇನಿ, ನಿಮ್ಮ ಮಾರಿ ನೋಡಬಾರದು ಅನಿಸಿತ್ತು” ಎಂದಳು. ಇನ್ನೂ ಏನೋ ಹೇಳುವವಳಿದ್ದಳು, ಅಷ್ಟರಲ್ಲಿ ಮೂರು ಗಂಟೆಯಾಯಿತು. ಹೆಂಗಸರು ಬದುವಿಗೆ ಬಂದು ಸಾಲಾಗಿ ನಿಂತರು. ಬಸ್ಸಿನಲ್ಲಿ ಸಿಕ್ಕಿದ್ದವಳೂ ಇದ್ದಳು. ಕಾಗದ ಕೈಗೆ ಕೊಡುವ ಮೊದಲು ಶಾಂತ ಒಬ್ಬೊಬ್ಬರ ಮುಖ ನೋಡಿ, ದನಿ ಇಳಿಸಿ ಒಂದು ಮಾತು ಕೇಳುತ್ತಿದ್ದಳು. ಅವರು ತಲೆಯಾಡಿಸಿ ಇಲ್ಲ ಎನ್ನುತ್ತಿದ್ದರು, ಇವಳು ಕಾಗದ ಕೊಡುತ್ತಿದ್ದಳು.

“ತಿಂಗಳ ಮೊದಲನೇ ದಿನ ಕೇಳ್ತೇನ್ರಿ” ಎಂದು ನನಗೆ ವಿವರಿಸಿದಳು. “ಮೈಮ್ಯಾಲ ಎಲ್ಲೆರ ಗಂಟು ಕೈಗೆ ಸಿಕ್ಕೈತೇನು ಅಂತ. ಸಿಕ್ಕೈತಿ ಅಂದ್ರ ಕಾಗದ ಕೊಡಂಗಿಲ್ಲ, ಅವತ್ತ ದವಾಖಾನಿಗೆ ಕಳಸ್ತೇನಿ. ಅವ್ವ ತೀರಿಕೊಂಡ ವರ್ಷದಿಂದ ನಡದೈತಿ. ಮೂರು ಮಂದಿ ಹಂಗ ದವಾಖಾನಿಗೆ ಹೋದ್ರು. ಇಬ್ಬರು ಈಗೂ ಇಲ್ಲೇ ಸಾಲಿನ್ಯಾಗ ಅದಾರ.”

ಹೆಂಗಸರು ಸಾಲಿಗೊಬ್ಬರಂತೆ ಹೊಲಕ್ಕೆ ಇಳಿದರು. ನಾನೂ ಎದ್ದು ಸೆರಗು ಸಿಕ್ಕಿಸಿಕೊಂಡು ಕೈ ಚಾಚಿದೆ. “ನನಗೂ ನಾಕು ಕಾಗದ ಕೊಡವಾ, ಆ ವರ್ಷ ನಿಮ್ಮವ್ವ ಕಲಿಸಿದ್ದು ಇನ್ನೂ ಮರ್ತಿಲ್ಲ.”

ಶಾಂತ ಕಾಗದ ತೆಗೆದಳು. ಕೊಡಲಿಲ್ಲ.

“ನಿಮ್ಮದು ಹೇಳ್ರಿ ಅಕ್ಕೋರ. ಎಲ್ಲೆರ ಏನರ ಸಿಕ್ಕೈತೇನು?”

ಮೂವತ್ತು ವರ್ಷ ಆ ಪಾಠ ಕಲಿಸಿದವಳು ನಾನು. ಸುಳ್ಳು ಹೇಳಲು ಬರಲಿಲ್ಲ. “ನೋಡ್ಕೊಂಡಿಲ್ಲ ಶಾಂತಾ” ಎಂದೆ.

ಅವಳು ಕಾಗದಗಳನ್ನು ಮತ್ತೆ ಚೀಲಕ್ಕೆ ಹಾಕಿ ಅದರ ಬಾಯಿ ಎಳೆದು ಕಟ್ಟಿದಳು.

“ಹಂಗಾರ ಮನಿಗೆ ಹೋಗಿ ನೋಡ್ಕೊಂಡು ಬರ್ರಿ. ಹೂವು ನಾಳಿನೂ ಬರ್ತಾವು.”